ದೋಣಿಯ ಹೊಟ್ಟೆ ಉಜ್ಜಿದ ದಿನ

ಏಳು ನಿಮಿಷದ ಹೊಳೆ
ಈಗ ಹನ್ನೊಂದು ನಿಮಿಷ.
ಹೊಳೆ ಅಗಲವಾಗಿಲ್ಲ, ಅಂದ ಮೊಯ್ದು,
ನಿನ್ನ ದೋಣಿ ಹೊಟ್ಟೆಯಡಿ ಗದ್ದೆ ಮಾಡಿಕೊಂಡಿದೆ.

ದಡಕ್ಕೆಳೆಯೋಣವೆಂದರೆ ಕೊಂಡಂಗೇರಿಯ ಈ ಕಡವಿನಲ್ಲಿ
ಇಳಿಜಾರು ಕುಸಿದು ಎರಡು ಮಳೆಗಾಲ.
ಸಿದ್ದಾಪುರದ ಕ್ರೇನಿನವನು ಕೇಳಿದ ದುಡ್ಡಿಗೆ
ಇನ್ನೂ ಅರ್ಧ ದೋಣಿ ಬರುತ್ತಿತ್ತು.
ಹಾಗಾಗಿ ನೀರಲ್ಲಿದ್ದದ್ದನ್ನು ನೀರಲ್ಲೇ ಇಟ್ಟು
ತೊಳೆಯುವುದೆಂದಾಯಿತು,
ಮಲಗಿದ ಮಗುವಿನ ಅಂಗಿ
ಎಚ್ಚರವಾಗದಂತೆ ಬದಲಿಸುವ ಹಾಗೆ.

ಮೂರು ಖಾಲಿ ಕಾಫಿ ಚೀಲ
ಒಂದಕ್ಕೊಂದು ಹೊಲಿದು ಎರಡೂ ತುದಿಗೆ ಹಗ್ಗ.
ಮೂತಿಯ ಕೆಳಗಿಂದ ತೂರಿಸಿ
ಆಚೆ ಬದಿಗೆ ಅವನು, ಈಚೆ ಬದಿಗೆ ನಾನು,
ಮಜ್ಜಿಗೆ ಕಡೆದ ಹಾಗೆ ಎಳೆದಾಡಿದೆವು.
ಎದ್ದದ್ದು ಬೆಣ್ಣೆಯಲ್ಲ,
ಎಳೆ ಎಳೆಯಾಗಿ ಪಾಚಿ, ಹಸಿರು ನೂಲ್‌ಪುಟ್ಟು.
ಕೆಳಗೆ ಮೀನುಗಳಿಗೆ ಮದುವೆ ಊಟ.

ನಡುಬೆನ್ನಿಗೆ ಮಾತ್ರ ಚೀಲ ಮುಟ್ಟುವುದಿಲ್ಲ.
ಅಲ್ಲಿಗೆ ಮುಳುಗಲೇಬೇಕು.
ಕಬ್ಬಿಣ ಬೇಡ, ಬಣ್ಣ ಏಳುತ್ತದೆ ಎಂದು
ಬಿದಿರ ಸೀಳು ಸೊಂಟಕ್ಕೆ ಸಿಕ್ಕಿಸಿಕೊಂಡು
ಮೊಯ್ದು ನನ್ನ ಮುಖ ನೋಡಿದ.
ಕೀಲಿ?
ನನ್ನ ಹತ್ತಿರವೇ ಇದೆ.
ಹತ್ತಿರ ಅಂದರೆ ಎಲ್ಲಿ?
ಹೋದ ಬೇಸಿಗೆ ಯಾರೋ ತಿಳಿಯದೆ ಒತ್ತಿದ ಸ್ವಿಚ್ಚಿಗೆ
ಅವನ ತಮ್ಮ ಕೊಟ್ಟದ್ದು ಎರಡು ಬೆರಳು.
ಎಂಜಿನ್ನಿನ ಕೀಲಿಯನ್ನು
ಹಲ್ಲಲ್ಲಿ ಕಚ್ಚಿ ತೋರಿಸಿದೆ. ಮುಳುಗಿದ.

ಆಚೆ ದಡದಲ್ಲಿ ಬೋಪಣ್ಣ ಕೊಡೆ ಬೀಸಿದರು.
ಓಯ್, ಬರ್ತೀಯಾ?
ಬಾಯಿ ತೆರೆಯುವ ಹಾಗಿಲ್ಲ, ತಲೆಯಾಡಿಸಿದೆ.
ನನ್ನ ಇಲ್ಲ
ಹೊಳೆ ದಾಟುವಷ್ಟರಲ್ಲಿ ಹೌದಾಗಿತ್ತು.
ಅವರು ಕಲ್ಲಿನ ಮೇಲೆ ಕೂತು ಕಾದರು.
ನಾನು ಎಣಿಸುತ್ತಿದ್ದೆ, ಮೂವತ್ತೊಂದು, ಮೂವತ್ತೆರಡು,
ಪಾದದಡಿ ಕರಕರ ಕೆರೆಯುವ ಸದ್ದು,
ಹಲಗೆಯ ಆ ಕಡೆ ಒಬ್ಬನ ಉಸಿರು,
ಈ ಕಡೆ ನನ್ನದೂ ಕಟ್ಟಿಕೊಂಡು.

ಶಾಲೆ ಬಿಟ್ಟು ಬೊಳ್ಳಮ್ಮ ಟೀಚರ್ ಬಂದರು,
ಹಿಂದೆ ಹದಿನಾಲ್ಕು ಮಕ್ಕಳು.
ಎಲ್ಲರೂ ಎಡಕ್ಕೆ ಕೂರಿ, ಅಂದ ಮೊಯ್ದು ಮೇಲೆದ್ದು,
ಬ್ಯಾಗೂ ಎಡಕ್ಕೆ, ಬುತ್ತಿಯೂ ಎಡಕ್ಕೆ.
ಕಿರುಚುತ್ತ, ಒಬ್ಬರ ಮೇಲೊಬ್ಬರು ಬೀಳುತ್ತ
ಮಕ್ಕಳು ದೋಣಿಯನ್ನು ವಾಲಿಸಿದರು.
ಬಲಮಗ್ಗುಲು ನೀರಿಂದ ಮೇಲೆ ಬಂತು,
ನಾಲ್ಕು ವರ್ಷದ ಮೇಲೆ ಮೊದಲ ಬಿಸಿಲಿಗೆ.

ಪಾಚಿ ಹೋದ ಕಡೆ ಬೆಳ್ಳಗೆ ಏನೋ.
ಸುಣ್ಣವೆಂದುಕೊಂಡೆ.
ಬಗ್ಗಿ ನೋಡಿದರೆ ಪುಟ್ಟ ಪುಟ್ಟ ಬಟ್ಟಲು,
ಅಂಚು ಹರಿತ, ಒಳಗೆ ಯಾರೂ ಇಲ್ಲ.
ಮೊಯ್ದು ಹೆಬ್ಬೆರಳಲ್ಲಿ ಒತ್ತಿದ. ರಕ್ತ ಬಂತು.
ಇದು ಕಡಲಿನದು, ಅಂದ.
ಅಳಿಕ್ಕಲ್ಲಿನ ಬಂದರಲ್ಲಿ ಅಗ್ಗಕ್ಕೆ ಕೊಂಡು
ಮಾಕುಟ್ಟದ ತಿರುವುಗಳಲ್ಲಿ
ಲಾರಿಯ ಮೇಲೆ ಮಲಗಿಸಿ ತಂದಿದ್ದೆವಲ್ಲ,
ಆ ರಾತ್ರಿ ಟಿಕೆಟಿಲ್ಲದೆ ಹತ್ತಿದವು.
ಉಪ್ಪಿಲ್ಲದ ನೀರಲ್ಲಿ ಸತ್ತವು.
ಸತ್ತರೂ ಹಿಡಿತ ಬಿಟ್ಟಿಲ್ಲ.

ನಮ್ಮ ಹೊಳೆ ಆ ಕಡಲಿಗೆ ಹೋಗುತ್ತದಾ ಟೀಚರ್?
ಇಲ್ಲ ಮಗಾ, ನಮ್ಮದು ಮೂಡಲಿಗೆ.
ಆ ಕಡಲಿಗೆ ಬೆನ್ನು ಹಾಕಿಯೇ ಹುಟ್ಟಿದ ಹೊಳೆ ಇದು.
ಹಾಗಾದರೆ ಇವು ಮನೆಗೆ ಹೋಗುವುದು ಹೇಗೆ?
ಟೀಚರ್ ಕೊಡೆ ಬಿಚ್ಚಿದರು, ಮಳೆ ಇರಲಿಲ್ಲ.
ನನ್ನ ಬಾಯಲ್ಲಿ ಕೀಲಿ.

ಬಿದಿರು ಎರಡು ಮುರಿಯಿತು.
ಹಿಂಬದಿಯಲ್ಲಿ ಅಂಗೈಯಗಲ ಉಳಿದೇ ಹೋಯಿತು.
ಬಿಡು, ಅಂದ ಮೊಯ್ದು, ಬೆರಳು ಚೀಪುತ್ತ,
ಇಷ್ಟು ದಿನ ಅಂಟಿದ್ದು ಈಗ ದೋಣಿಯೇ.

ಸಂಜೆ ದಾಟಿದೆವು. ಎಂಟು ನಿಮಿಷ.
ಬೋಪಣ್ಣ ಗಡಿಯಾರ ತೋರಿಸಿ
ಎರಡು ಗಂಟೆ ಎಂಟು ನಿಮಿಷ, ಎಂದು ಬೈದರು.
ಮಕ್ಕಳು ಅಭ್ಯಾಸಬಲದಿಂದ
ಎಡಕ್ಕೇ ಕೂತಿದ್ದರು.

ರಾತ್ರಿ ಕಡಂಬುಟ್ಟು ತಿಂದೆ,
ಮೇಲೊಂದು ಲೋಟ ಬೆಲ್ಲದ ಕಾಫಿ.
ಆದರೂ ಬಾಯಲ್ಲೆಲ್ಲ
ಹಿತ್ತಾಳೆ.