ಐದು ಗುಡ್ಡೆ

ಹಾಸನದ ಬಿ.ಎಂ. ರಸ್ತೆ, ಕಾಫಿ ಕ್ಯೂರಿಂಗ್ ವರ್ಕ್ಸು.
ಮೇಸ್ತ್ರಿ ಹುದ್ದೆ ಒಂದೇ, ಕೇಳಿದವರು ಹದಿಮೂರು ಜನ.
ಮೇಲಿನಿಂದ ಬಂತು ನೂರಿಪ್ಪತ್ತು ಪ್ರಶ್ನೆಯ ಹಾಳೆ:
ಪೂರ್ತಿ ಒಪ್ಪುತ್ತೇನೆ, ಒಪ್ಪುತ್ತೇನೆ, ಹೇಳಲಾರೆ,
ಒಪ್ಪುವುದಿಲ್ಲ, ಖಂಡಿತ ಒಪ್ಪುವುದಿಲ್ಲ.
ಓದಲು ಬಾರದವರಿಗೆ ಓದಿ ಹೇಳುವುದು,
ವೃತ್ತಕ್ಕೆ ಮಸಿ ತುಂಬುವುದು ನನ್ನ ಪಾಲಿಗೆ.

ನಗಬೇಡಿ. ನಾನೂ ನಗುತ್ತಿದ್ದೆ ಮೊದಲು.
ಆದರೆ ನಮ್ಮದು ಜರಡಿಯ ಕಸುಬು.
ಅಲುಗುವ ತಗಡಿನ ತೂತಿನಲ್ಲಿ
ಎಎ, ಎ, ಬಿ ಎಂದು ಬೀಜ ಬೇರೆಯಾಗುತ್ತದೆ.
ತೂತಿಗೆ ರುಚಿ ಗೊತ್ತಿಲ್ಲ, ನಿಜ;
ಗಾತ್ರ ಬೆರೆತರೆ ಮಾತ್ರ
ಹುರಿಯುವಾಗ ಸಣ್ಣದು ಕರಕಲು, ದೊಡ್ಡದು ಹಸಿ.
ಯಾಲಕ್ಕಿಗೌಡನನ್ನೇ ನೋಡಿ, ಎಲ್ಲರಿಗೂ ಬೇಕಾದವನು,
ಶಿಸ್ತಿನ ಬಾಬ್ತಿನಲ್ಲಿ ಬಂದದ್ದು ಹತ್ತೊಂಬತ್ತು.
ಹೋದ ವರ್ಷ ಡ್ರೈಯರ್ ಆರಿಸದೆ ಮನೆಗೆ ಹೋದವನೂ ಅವನೇ.
ಹಾಳೆಗೆ ಅದನ್ನು ಯಾರು ಹೇಳಿದರು?

ಜವರಮ್ಮ ಬಂದಳು ಹನ್ನೊಂದನೆಯವಳಾಗಿ,
ಇಪ್ಪತ್ತಾರು ವರ್ಷ ಬೆಲ್ಟಿನ ಮುಂದೆ ಕೂತು
ಕರಿಬೀಜ ಹೆಕ್ಕಿದ ಬೆರಳು ಮೇಜಿನ ಮೇಲಿಟ್ಟು.
“ಅಪರಿಚಿತರೊಡನೆ ಸಲೀಸಾಗಿ ಮಾತಾಡುತ್ತೇನೆ” ಎಂದೆ.
“ಎಲ್ಲಿ ಸಾ? ಅರಸೀಕೆರೆ ಬಸ್ಸಲ್ಲಾ, ಟೇಸನ್ನಲ್ಲಾ?”
ಹಾಳೆಯಲ್ಲಿ ಬಸ್ಸಿಲ್ಲ. ಮೂರು ತುಂಬಿದೆ.
“ನಾನು ಒಮ್ಮೆಯೂ ಸುಳ್ಳು ಹೇಳಿಲ್ಲ” ಎಂದೆ.
“ಹೂಂ ಅಂದ್ರೆ ಇದೇ ಮೊದಲ್ನೇದಾಗುತ್ತೆ.”
ಅದಕ್ಕೂ ಮೂರು.

ಅರ್ಧ ದಾಟಿತ್ತು. ಕೈಯೆತ್ತಿ ತಡೆದಳು.
“ತಾಳಿ ಸಾ. ಹೇಳಿದ ಟೇಮಿಗೆ ಮುಗಿಸ್ತೀಯಾ ಅಂದ್ರಿ,
ಆಮೇಲೆ, ಇಕ್ಕಿದ ಸಾಮಾನು ಇಕ್ಕಿದ ಜಾಗದಲ್ಲಿರುತ್ತಾ ಅಂದ್ರಿ,
ಈಗ ಕೆಲಸ ನಾಳೆಗೆ ತಳ್ತೀಯಾ ಅಂತೀರಿ.
ಇದನ್ನ ಮಗುಚಿ ಇಟ್ಟವ್ರೆ, ಆದ್ರೂ ಒಂದೇ ಗಿಡದ್ದು.”

ಉಳಿದದ್ದನ್ನು ಬೇಗಬೇಗ ಓದಿಸಿಕೊಂಡಳು.
ಬಾಯಿ ಉತ್ತರ ಹೇಳುತ್ತಿದ್ದರೆ ಕೈ ಗಾಳಿಯಲ್ಲಿ ಹೆಕ್ಕುತ್ತಿತ್ತು.
ಅಂಜಿಕೆ ಕಳವಳದ್ದು ಕಿಟಕಿ ಕಡೆ,
ಜನ ಬೇಕು ಗಲಾಟೆ ಬೇಕು ಅನ್ನುವುದು ಕುರ್ಚಿ ಕಡೆ,
ಕನಿಕರ, ಹೊಂದಿಕೆ ನನ್ನ ಕಾಫಿ ಲೋಟದ ಪಕ್ಕ,
ಹೊಸದರ ಚಪಲ ಮೇಜಿನ ಅಂಚಿಗೆ,
ಅಚ್ಚುಕಟ್ಟಿನದು ಆಗಲೇ ಮಡಿಲಲ್ಲಿತ್ತು.
“ನೂರಿಪ್ಪತ್ತು ಅಂತೀರಿ. ಇರೋದು ಐದೇ ಕಣೇಳಿ.”

ಬೀರುವಿನಿಂದ ಗುಟ್ಟಿನ ಹಾಳೆ ತೆಗೆದೆ.
ಓದಿದವರು ಯಾರೋ, ಎಷ್ಟೋ ಸಾವಿರ ಜನರ ಉತ್ತರ ರಾಶಿ ಹಾಕಿ,
ಯಂತ್ರ ತಿರುಗಿಸಿ ಕಂಡುಕೊಂಡ ಐದು ಸಾಲು.
ಹೋಲಿಸಿದೆ. ಅವಳು ತಪ್ಪಿದ್ದು ಐದೋ ಆರೋ.
ಮಿಕ್ಕವನ್ನು ಒಪ್ಪಿಕೊಂಡಳು, ಒಂದನ್ನು ಬಿಡಲಿಲ್ಲ:
“ಎಷ್ಟೋ ಸಲ ಕಾರಣವಿಲ್ಲದೆ ಸುಮ್ಮನೆ ಕೂತಿರುತ್ತೇನೆ.”
ಹಾಳೆಯ ಪ್ರಕಾರ ಅದು ಜನ ಬೇಡದವರ ಸಾಲು.
“ಅಲ್ಲ. ಅದು ಪಿಬಿ.
ಕಾಯೊಳಗೆ ಎರಡು ಇರ್ಬೇಕಾದಲ್ಲಿ ಒಂದೇ ಬೆಳ್ಕೊಂಡು
ಉಂಡಗಾಗಿರುತ್ತಲ್ಲಾ, ಆ ತರದ್ದು. ಬೇರೆ ಇಕ್ಕಿ.”

ಬೇರೆ ಇಡಲು ಜಾಗವಿರಲಿಲ್ಲ.

ಸಂಜೆ ಕಂಪ್ಯೂಟರು ಜವರಮ್ಮನನ್ನು ಬರೆಯಿತು:
ಶಿಸ್ತು ಎಂಬತ್ತೆಂಟು. ಕಳವಳ ನಲವತ್ತು.
ಹೊಸ ವಿಚಾರಕ್ಕೆ ತೆರೆದ ಮನಸ್ಸು, ಇಪ್ಪತ್ತೆರಡು.
ಉಳಿದ ಕಂಬಗಳು ನೀಲಿ, ಅದೊಂದು ಕೆಂಪು.
ಷರಾ ಬರೆಯಲು ಕಾಲಂ ಹುಡುಕಿದೆ,
ಕೆಳಕೆಳಗೆ ಉರುಳಿಸಿದೆ, ಕಂಪನಿಯ ವಿಳಾಸದವರೆಗೂ.

ಏಳಾದರೂ ಎದ್ದಿರಲಿಲ್ಲ.
ಹೊಟ್ಟಿನ ಧೂಳು ಟ್ಯೂಬ್‌ಲೈಟಿನ ಸುತ್ತ ಇಳಿಯುತ್ತಿತ್ತು.
ಹೋದ ವಾರ ನನ್ನದೂ ತುಂಬಿದ್ದೆ ಯಾರೂ ಇಲ್ಲದಾಗ,
ಆ ಪ್ರಶ್ನೆಗೆ “ಖಂಡಿತ ಒಪ್ಪುವುದಿಲ್ಲ” ಎಂದು ಒತ್ತಿದ್ದೆ.

ವಾಚ್‌ಮನ್ ಪ್ಯಾರೇಜಾನ್ ಬಾಗಿಲು ತಟ್ಟಿದ.
“ಏನ್ ಸಾರ್, ಕೆಲಸ ಉಳಿದೈತಾ?”
ಇಲ್ಲ ಎಂದೆ.
“ಯಾರಾದ್ರೂ ಬರೋರಿದ್ರಾ?”
ಇಲ್ಲ.
“ಮತ್ತೆ?”