ತೂಗುಗೋಲು

ಗಾಂಧಿ ಬಜಾರಿನ ಒಳಗಲ್ಲಿ, ಬಳೆಯಂಗಡಿಯ ಪಕ್ಕ
ಮೂರು ಮೊಳದ ನನ್ನ ಮಳಿಗೆ.
ಸುಳ್ಳು ಹೇಳುವ ತಕ್ಕಡಿಗಳು ಇಲ್ಲಿಗೆ ಬರುತ್ತವೆ.
ತಟ್ಟೆ ತಿಕ್ಕಿ, ಮುಳ್ಳು ತಿದ್ದಿ,
ಸವೆದ ಬಟ್ಟಿನ ಹೊಟ್ಟೆಗೆ ತೊಟ್ಟು ಸೀಸ ಕುಡಿಸಿ
ಸರ್ಕಾರದ ಮುದ್ರೆಗೆ ಕಳಿಸುತ್ತೇನೆ.
ನಲವತ್ತೊಂದು ವರ್ಷ.

ಬಳೆಯಂಗಡಿ ಮುಬೀನಾ, ಏಳನೇ ಕ್ಲಾಸು,
ಸಂಜೆ ಚೀಲ ಇಳಿಸುವುದೇ ನನ್ನ ಹೊಸ್ತಿಲಿಗೆ.
ಇಳಿಸಿದ್ದೇ ಶುರು:
‘ಆಚಾರ್ ಮಾಮ, ಭೂಮಿ ಎಷ್ಟು ಕೇಜಿ?’
ಆರರ ಮುಂದೆ ಇಪ್ಪತ್ತನಾಲ್ಕು ಸೊನ್ನೆ ಅಂತ ತಾನೇ ಹೇಳಿ,
‘ತಕ್ಕಡೀನ ಎಲ್ಲಿಗೆ ನೇತು ಹಾಕಿದ್ರು?’
ನಾನು ಮಾಡಿನ ಕೊಕ್ಕೆ ನೋಡಿದೆ.
ಕೊಕ್ಕೆ ಜಂತಿಗೆ, ಜಂತಿ ಗೋಡೆಗೆ, ಗೋಡೆ ನೆಲಕ್ಕೆ.
ನೆಲವನ್ನೇ ತೂಗುವಾಗ?

‘ಆಕಾಶ ಎಲ್ಲಿಂದ ಶುರು?’
ಹೆಂಚಿನಿಂದ ಮೇಲೆ, ಅಂದೆ.
ಚಪ್ಪಲಿ ಬಿಟ್ಟು, ಒಂದು ಕಾಲೆತ್ತಿ,
ಅಂಗಾಲಿಗೂ ನೆಲಕ್ಕೂ ನಡುವೆ ಕೈಯಾಡಿಸಿದಳು:
‘ಇದು?’

ಒಂದು ವಿಷಯ ಮಾತ್ರ ಗೊತ್ತಿತ್ತು, ಗತ್ತಿನಲ್ಲೇ ಹೇಳಿದೆ:
ಚಂದ್ರನ ಮೇಲೆ ಎಲ್ಲ ಹಗುರ, ಆರರಲ್ಲೊಂದು ಪಾಲು.
ಇಲ್ಲಿಯ ಆರು ಕೇಜಿ ಬೆಲ್ಲ
ಅಲ್ಲಿ ನನ್ನ ತಕ್ಕಡಿಯಲ್ಲಿ ಒಂದೇ ಕೇಜಿ.
ಡಜನ್ ಲೆಕ್ಕ ಹಾಕುವವಳಂತೆ ಬೆರಳು ಮಡಿಸಿ, ಬಿಚ್ಚಿ,
‘ನಿಮ್ಮ ಬಟ್ಟೂ ಹಗುರ ಆಗಲ್ವಾ, ಮಾಮ?’

ಆಗುತ್ತದೆ.
ಎರಡು ತಟ್ಟೆಯೂ ಒಟ್ಟಿಗೆ ಹಗುರ, ಮುಳ್ಳು ನೆಟ್ಟಗೆ.
ಸ್ಪ್ರಿಂಗಿನ ಕಾಟಾ ಅಲ್ಲಿ ಸುಳ್ಳಾಡೀತು, ನನ್ನದು ಆಡದು.
ಇಷ್ಟು ವರ್ಷ ನನ್ನ ಕಸುಬಿಗೆ ಈ ಮರ್ಯಾದೆ ಇತ್ತು,
ನನಗೇ ಗೊತ್ತಿರಲಿಲ್ಲ.
ರಾತ್ರಿ ಊಟಕ್ಕೆ ಕೂತವನು ಎರಡು ಸಲ ನಕ್ಕೆ.
ಏನು, ಅಂದಳು ಇವಳು.
ಬೆಲ್ಲ, ಅಂದೆ.

ಅಜ್ಜನ ಕಾಲದ ತೂಗುಗೋಲೊಂದು ಗೋಡೆಯಲ್ಲಿದೆ,
ಬೀಟೆಯದು, ಮೈತುಂಬ ಹಿತ್ತಾಳೆಯ ಚುಕ್ಕಿ.
ಭಾರವನ್ನು ಹಿಡಿಕೆಯ ಹತ್ತಿರ ಕಟ್ಟಬೇಕು,
ಇರುವ ಒಂದೇ ಬಟ್ಟನ್ನು ಸರಿಸುತ್ತಾ ಹೋಗಬೇಕು
ದೂರ, ಇನ್ನೂ ದೂರ,
ಕೋಲು ಸಮಕ್ಕೆ ನಿಲ್ಲುವ ತನಕ.

ಹುಣ್ಣಿಮೆಗೆ ಎರಡು ದಿನವಿತ್ತು.
ಹೊಳೆ ಕಡೆಯ ಮಾಡುಗಳ ಮೇಲೆ ಚಂದ್ರ ಬಂದಾಗಿತ್ತು.
ಅವಳು ಕೋಲು ಹಿಡಿದು, ಒಂದು ಕಣ್ಣು ಮುಚ್ಚಿ,
‘ಇದೇ ಮಾಮ! ಭೂಮಿ ಭಾರ, ಅದು ಬಟ್ಟು.
ಹಿಡಿಕೆ ಭೂಮಿ ಒಳಗೇ ಇದೆಯಂತೆ,
ಎರಡೂ ಅದರ ಸುತ್ತ ತಿರುಗ್ತಾವಂತೆ.’

ಬಜಾರಿನ ನೆಲ ನೋಡಿದೆ.
ಚರಂಡಿಯ ಚಪ್ಪಡಿ, ಯಾರದೋ ಒಡೆದ ಹಸಿರು ಬಳೆ,
ಅದರಡಿ ಎಷ್ಟೋ ಹರದಾರಿ ಆಳದಲ್ಲಿ
ಯಾರೂ ಹಿಡಿಯದ ಹಿಡಿಕೆ.

ಬಟ್ಟು ಇನ್ನೂ ಸರಿಯುತ್ತಿದೆಯಂತೆ,
ವರ್ಷಕ್ಕೆ ಎರಡು ಬೆರಳು.

ಶಟರು ಅರ್ಧ ಎಳೆದಿದ್ದೆ. ಅವಳಮ್ಮ ಕೂಗಿದರು.
ಚೀಲ ಹೆಗಲಿಗೇರಿಸುತ್ತಾ, ಹೋಗುತ್ತಾ,
‘ಅದಕ್ಕೆ ಮುದ್ರೆ ಒತ್ತೋದು ಯಾರು, ಮಾಮ?’

ಗುರುವಾರ ಇನ್ಸ್‌ಪೆಕ್ಟರು ಬರುತ್ತಾರೆ.
ಕೇಳಿ ನೋಡಬೇಕು.