ಮೂರು ತಿಂಗಳು ಖಾಲಿ

ಪೋಸ್ಟರು ಪಣಜಿಗೆ ಹೋಯಿತು.
ನಾವು ನಾಲ್ವರು ಕಾರವಾರದಲ್ಲಿ ಇಳಿದೆವು,
ಬ್ಯಾಗು ಎಣಿಸಿದೆವು, ತಲೆ ಎಣಿಸಿದೆವು,
ಸೀಟಿನ ಮೇಲಿನ ಹಲಗೆಯಲ್ಲಿ ಮಲಗಿದ್ದ ಉದ್ದ ಕೊಳವೆಯನ್ನು
ಯಾರೂ ಎಣಿಸಲಿಲ್ಲ.
ಬಸ್ಸು ಸೇತುವೆಯತ್ತ ಹೊರಳಿದ ಮೇಲೆ
ಕಲ್ಮೇಶ ತನ್ನ ಬರೀ ಹೆಗಲು ಮುಟ್ಟಿಕೊಂಡು ಅಂದ:
"ಸತ್ವಿ."

ಎರಡು ವರ್ಷದ ಬಳಚು ಅದರೊಳಗಿತ್ತು.
ಕಾಳಿ ಕಡಲಿಗೆ ಬಾಯಿ ಕೊಡುವಲ್ಲಿ
ಮೊಣಕಾಲು ಮುಳುಗುವ ಕೆಸರಲ್ಲಿ ಹೆಕ್ಕಿದ್ದು,
ಚಿಪ್ಪಿನ ಗೆರೆ ಎಣಿಸಿ ವಯಸ್ಸು ಹೇಳಿದ್ದು.
ಗೈಡಿಗೆ ಫೋನು ಮಾಡುವ ಧೈರ್ಯ
ನಾಲ್ವರದ್ದು ಕೂಡಿಸಿದರೂ ಸಾಲಲಿಲ್ಲ.

ಗ್ರೀನ್ ಸ್ಟ್ರೀಟಿನ ಅಂಗಡಿ ಶಟರು ಅರ್ಧ ಎಳೆದಿತ್ತು.
ಬಗ್ಗಿ ಒಳಹೋದೆ: ಆರು ಡ್ರಾಯಿಂಗ್ ಶೀಟು, ಗೋಂದು,
ಹನ್ನೆರಡು ಬಣ್ಣದ ಸ್ಕೆಚ್ ಪೆನ್ನು.
"ಪ್ರಾಜೆಕ್ಟು ಯಾರದ್ದು, ತಮ್ಮನದ್ದಾ?"
"ನನ್ನದೇ" ಅಂದೆ.
ಅವನು ನನ್ನನ್ನೊಮ್ಮೆ ನೋಡಿ ಐದು ರೂಪಾಯಿ ಬಿಟ್ಟ.

ಲಾಡ್ಜಿನ ಮ್ಯಾನೇಜರಿಗೆ ನಿಯಮವಿತ್ತು:
ಗಂಡುಡುಗರು ಹೆಣ್ಣುಡುಗಿಯರ ರೂಮಿಗೆ ಕಾಲಿಡುವಂತಿಲ್ಲ.
ಆದ್ದರಿಂದ ವಿಜ್ಞಾನ ಮೊಗಸಾಲೆಗೆ ಬಂತು,
ಮಿಣುಕುವ ಟ್ಯೂಬ್‌ಲೈಟಿನ ಕೆಳಗೆ, ಸೊಳ್ಳೆಗಳ ನಡುವೆ.
ಶಾಹಿದಾಳ ಅಕ್ಷರ ದುಂಡಗೆ, ಅವಳು ಬರೆದಳು.
ಪಾಚಿ ಓದುವ ಮೇರ್ವಿನ್ ಹಸಿರು ಬಿಟ್ಟು ಬೇರೆ ಬಣ್ಣ ಮುಟ್ಟಲಿಲ್ಲ.
ಏಡಿಗಳ ಕಲ್ಮೇಶ ಬೆಂಕಿಕಡ್ಡಿ ಮುರಿದು ಮುರಿದು
ದೋಷದ ಗೆರೆಗಳನ್ನು ಅಂಟಿಸಿದ.
"ಎಷ್ಟುದ್ದ ಬೇಕ ಹೇಳ್ಲೇ, ಕಡ್ಡಿ ಭಾಳ ಅದಾವ."
ನಕ್ಕು ನಕ್ಕು ಸೆಪ್ಟೆಂಬರು ಸ್ವಲ್ಪ ಸೊಟ್ಟಗಾಯಿತು.

ಮರುದಿನ ಹಾಲಿನ ತುಂಬ ಫ್ಲೆಕ್ಸುಗಳು
ಒದ್ದೆ ಮೀನಿನ ಹಾಗೆ ಹೊಳೆಯುತ್ತಿದ್ದವು.
ತೀರ್ಪುಗಾರರು ಬಂದರು. "ಕೈಯಲ್ಲೇ ಬರೆದದ್ದಾ?
ಪರವಾಗಿಲ್ಲ." ಕನ್ನಡಕ ಸರಿಮಾಡಿಕೊಂಡು
ಪಕ್ಕದ ಸೀಗಡಿಗೆ ಹೋದರು.
ನಾಲ್ಕು ನಿಮಿಷದ ಮಾತು ನನ್ನ ಗಂಟಲಲ್ಲೇ ಉಳಿಯಿತು.

ಆಮೇಲೆ ಚಹಾದ ತಟ್ಟೆ ಹಿಡಿದವನೊಬ್ಬ ನಿಂತ.
ಅಂಗಿಯ ಮೇಲೆ ಹೆಸರಿತ್ತು, ಕ್ಯಾಟರಿಂಗಿನದ್ದು.
ಜೂನು, ಜುಲೈ, ಆಗಸ್ಟು:
ಬೆರಳು ತಾಗಿಸದೆ ತೋರಿಸಿದ.
"ಇಲ್ಲಿ ಯಾಕೆ ಏನೂ ಇಲ್ಲ?"
"ಮಳೆಗಾಲ. ನಮಗೆ ದೋಣಿ ಸಿಗಲಿಲ್ಲ."
"ಬಳಚು ಇತ್ತಲ್ಲ."
ಮೂರು ಕಪ್ಪು ಕೆಳಗಿಟ್ಟು
ನಾಲ್ಕನೆಯದಕ್ಕೆ ಹೋದ.

ಸಮಾರೋಪದ ಭಾಷಣ ಬಿಟ್ಟು ಅವನ ಹಿಂದೆ ನಡೆದೆವು.
ವಿಠೋಬ ಅವನ ಹೆಸರು. ಇಳಿತದ ಹೊತ್ತು,
ಅವನ ತಾಯಿ ಚಂದ್ರಭಾಗಿ ಸೊಂಟದ ತನಕ ನೀರಲ್ಲಿ,
ಕಾಲಿನಿಂದಲೇ ಹುಡುಕುತ್ತಿದ್ದರು.
ಅವರ ಕೊಂಕಣಿ ಬೇರೆ, ಮೇರ್ವಿನ್ನನ ಮಂಗಳೂರು ಕೊಂಕಣಿ ಬೇರೆ.
ಅರ್ಥ ಅರ್ಧ ದಾಟಿತು, ಅರ್ಧ ಒದ್ದೆಯಾಯಿತು.
ಹೊಸ ನೀರು ಬಂದರೆ ಬಾಯಿ ಮುಚ್ಚಿಕೊಳ್ಳುತ್ತವಂತೆ.
ಎಲ್ಲಿಯ ತನಕ?
ಉಪ್ಪು ಮರಳುವ ತನಕ.
ಮತ್ತೆ ಎಲ್ಲವೂ ಬಾಯಿ ತೆರೆಯುತ್ತವಾ?

ಅವರು ಬುಟ್ಟಿ ತೋರಿಸಿದರು.
ಆಮೇಲೆ ಅದರಿಂದ ಒಂದು ಮುಷ್ಟಿ ತೆಗೆದು
ನನ್ನ ಅಂಗೈಗೆ ಸುರಿದರು.
ಶಾಹಿದಾ ಸರ್ಟಿಫಿಕೇಟಿನ ಬೆನ್ನಿಗೆ ಬರೆದುಕೊಂಡಳು:
ಬುಟ್ಟಿಗೆ ಒಂದು ಮುಷ್ಟಿ.
ತೆರೆಯುವವೋ, ತೆರೆಯದವೋ?
ಕೇಳಲು ತಿರುಗುವಷ್ಟರಲ್ಲಿ
ಅವರು ಇನ್ನೂ ಆಳಕ್ಕೆ ಹೋಗಿದ್ದರು.
ಮಳೆ ಬಂದಾಗ ಬಾ ಎಂದರೆಂದು ಮೇರ್ವಿನ್ ಹೇಳಿದ;
ಬರಬೇಡ ಎಂದದ್ದೂ ಇರಬಹುದು ಎಂದ.

ವಾಪಸು ಬಸ್ಸಿನಲ್ಲಿ ಫೋನು ಬಂತು, ಪಣಜಿ ಡಿಪೋದಿಂದ.
"ನಿಮ್ಮದೊಂದು ಪೈಪು ಇಲ್ಲಿದೆ. ಒಳಗೇನು?"
"ಬಳಚು" ಅಂದ ಕಲ್ಮೇಶ.
ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.
"ನಾರುತ್ತದಾ?"
ಕಲ್ಮೇಶ ನನ್ನ ಮುಖ ನೋಡಿದ.
"ಇನ್ನೂ ಇಲ್ಲ" ಅಂದೆ.